ಎಕ್ಸ್‌ಪರ್ಟಿಗೆ ಬರೆದ ಏಳು ಪುಟ

ನಮ್ಮ ಭಾವ ಗೋವಿಂದರಾಜ್ ಪಾಲಕೋಡಿನ ಸಕ್ಕರೆ ಮಿಲ್ಲಿನ ಲ್ಯಾಬಿನಲ್ಲಿ ಹದಿನೆಂಟು ವರ್ಷ ಗಾಜಿನ ಕೊಳವೆ ತೊಳೆದವರು. ಕೆಲಸ ಅಷ್ಟೇ. ಕಬ್ಬಿನ ರಸ ಪರೀಕ್ಷೆ ಮಾಡುವವರು ಬೇರೆ, ಫಲಿತಾಂಶ ಬರೆಯುವವರು ಬೇರೆ, ಸಹಿ ಹಾಕುವವರು ಬೇರೆ. ಇವರ ಪಾಲಿಗೆ ಬಂದದ್ದು ಬ್ರಷ್ಷು, ಸೋಪಿನ ಪುಡಿ. ಆದರೆ ಒಬ್ಬ ಮನುಷ್ಯ ಹದಿನೆಂಟು ವರ್ಷ ಎಕ್ಸ್‌ಪರ್ಟುಗಳ ಬೆನ್ನ ಹಿಂದೆ ನಿಂತರೆ ಕಿವಿಗೆ ಏನಾದರೂ ಬಿದ್ದೇ ಬೀಳುತ್ತದೆ. ಬಿದ್ದದ್ದನ್ನೆಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರು. ಮೊಣಕಾಲು ನೋವೆಂದು ಕೆಲಸ ಬಿಟ್ಟು ತಮಿಳು ಸೀಮೆಯೊಳಗಿನ ನಮ್ಮ ಕನ್ನಡದ ಊರು ಹುಣಸೆಕೊಟ್ಟಾಯಿಗೆ ಬಂದಾಗ ಅವರ ಕೈಯಲ್ಲಿ ಆ ನೋಟ್‌ಬುಕ್ಕು ಮತ್ತು ಯಾರೋ ಬಿಟ್ಟುಹೋದ ಒಂದು ಬಿಳಿ ಕೋಟು ಇದ್ದವು.

ಆ ನೋಟ್‌ಬುಕ್ಕು ನಮ್ಮೂರಿಗೆ ಬರಬಾರದಿತ್ತು. ಇದನ್ನು ನಾನು ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ನನ್ನ ಹೆಸರು ಶಿವಣ್ಣ. ಕಾರಿಮಂಗಲದ ಬಸ್ ಸ್ಟ್ಯಾಂಡ್ ಪಕ್ಕ ಸೈಕಲ್ ಶಾಪ್ ಇಟ್ಟಿದ್ದೇನೆ. ಗಾಳಿ ಎಲ್ಲಿ ಹೋಗುತ್ತಿದೆ ಎಂದು ಗಿರಾಕಿ ಬೆರಳಿಟ್ಟು ತೋರಿಸಿದರೆ ನನಗೆ ಸಾಕು, ಟ್ಯೂಬಿನ ವಂಶಾವಳಿ ಬೇಡ. ನನ್ನ ಅಕ್ಕ ಶಾಂತಿಯನ್ನು ಮದುವೆಯಾದ ಈ ಮಹಾನುಭಾವರು ಹಾಗಲ್ಲ. ಓದುವವನು ಎಷ್ಟು ದೊಡ್ಡವನೋ ಬರೆಯುವ ಮಾತೂ ಅಷ್ಟೇ ದೊಡ್ಡದಿರಬೇಕು ಎಂಬುದು ಅವರ ಸಿದ್ಧಾಂತ. ನಮ್ಮ ಬೀದಿಗೆ ಒಂದು ಬಲ್ಬು ಹಾಕಿಸಲು ಪಂಚಾಯಿತಿಗೆ ಒಂದು ಪುಟ ಬರೆದರು, ತಾಲ್ಲೂಕು ಆಫೀಸಿಗೆ ಎರಡು, ಕಲೆಕ್ಟರಿಗೆ ನಾಲ್ಕು. ಬಲ್ಬು ಮೂರು ವರ್ಷವಾದರೂ ಬಂದಿರಲಿಲ್ಲ.

"ಎಕ್ಸ್‌ಪರ್ಟ್ ಕೈಗೆ ಸಾದಾ ಮಾತು ಕೊಟ್ರೆ ಅವರಿಗೆ ಅವಮಾನ ಶಿವಣ್ಣ," ಎನ್ನುತ್ತಿದ್ದರು. "ರೋಡಲ್ಲಿ ಓಗೋರು ಓದೋದನ್ನ ಅವರು ಓದ್ತಾರಾ?"

ಈ ಸಿದ್ಧಾಂತ ಬಲ್ಬಿನ ಜೊತೆಗೇ ನಿಂತುಹೋಗಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ತೊಂಬತ್ತನಾಲ್ಕನೇ ಇಸವಿ, ಪೊಂಗಲ್ ಮುಗಿದ ವಾರ. ನಮ್ಮ ದೊಡ್ಡಮ್ಮ ಸಿದ್ದಲಕ್ಷ್ಮಮ್ಮನ ಹಿಂಡಿನಲ್ಲಿ ಆಗ ಎಂಬತ್ತನಾಲ್ಕು ಕುರಿ. ಗಂಡ ಹೋದ ಮೇಲೆ ಇಪ್ಪತ್ತೆರಡು ವರ್ಷ ಅವಳು ಆ ಹಿಂಡಿನ ಹಿಂದೆಯೇ ನಡೆದಳು. ರೈತರ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕೆ ಬದಲು ರಾಗಿ ಅಳೆದುಕೊಡುತ್ತಾರೆ, ವರ್ಷವೆಲ್ಲ ಅದೇ ಊಟ. ಕುರಿ ಇಲ್ಲದಿದ್ದರೆ ದೊಡ್ಡಮ್ಮನಿಗೆ ರಾಗಿ ಇಲ್ಲ, ಉಣ್ಣೆ ಇಲ್ಲ, ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗವೂ ಇಲ್ಲ. ಒಂದು ದಿನ ಬೆಳಿಗ್ಗೆ ನೀರು ಕುಡಿಸಿಕೊಂಡು ಬರುವಾಗ ನಾಲ್ಕು ಕುರಿ ದಾರಿಯಲ್ಲೇ ಬಿದ್ದವು. ಬಾಯಲ್ಲಿ ನೊರೆ, ಕಾಲು ಬಡಿತ, ಕಾಲು ಗಂಟೆಯೊಳಗೆ ಕಥೆ ಮುಗಿದಿತ್ತು.

ನಮ್ಮ ಕಡೆಯ ದನದ ಆಸ್ಪತ್ರೆಯಲ್ಲಿ ಡಾಕ್ಟರ ಕುರ್ಚಿ ಎರಡು ವರ್ಷದಿಂದ ಖಾಲಿ. ಇದ್ದವರು ಕಂಪೌಂಡರ್ ಅಣ್ಣಾಮಲೈ ಒಬ್ಬರೇ. ತಮಿಳರು, ನಮ್ಮ ಜೊತೆ ಇದ್ದು ಇದ್ದು ಕನ್ನಡ ಕಲಿತವರು. ಅವರು ಬಂದು ಉಳಿದ ಕುರಿಗೆಲ್ಲ ಸೂಜಿ ಹಾಕಿದರು. ಮೂರು ದಿನ ಬಿಟ್ಟು ಮತ್ತೆ ಆರು ಬಿದ್ದವು. ಅಣ್ಣಾಮಲೈ ಬಿದ್ದ ಕುರಿಯ ಕಣ್ಣುರೆಪ್ಪೆ ಎತ್ತಿ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಇದು ನಾನು ನೋಡಿದ ಕಾಯಿಲೆ ಇಲ್ಲೆ ಅಮ್ಮಾ. ಸೇಲಂ ಆಫೀಸುಲ ಎಕ್ಸ್‌ಪರ್ಟ್ಸ್ ಇರ್ತಾರೆ. ಒಂದು ಕಾರ್ಡ್ ಹಾಕ್ತೀನಿ, ಬರ್ತಾರೆ."

ಅಲ್ಲೇ ಮೊಣಕಾಲ ಮೇಲೆ ಒಂದು ಪೋಸ್ಟ್ ಕಾರ್ಡ್ ಇಟ್ಟು ಅವರು ಮೂರು ಸಾಲು ಗೀಚಿದರು. ಹುಣಸೆಕೊಟ್ಟಾಯಿಯಲ್ಲಿ ಕುರಿಗಳು ಇದ್ದಕ್ಕಿದ್ದಂತೆ ಸಾಯುತ್ತಿವೆ. ಹತ್ತು ಸತ್ತಿವೆ, ಕಾರಣ ಗೊತ್ತಿಲ್ಲ. ದಯವಿಟ್ಟು ಬೇಗ ಬನ್ನಿ. ನನ್ನ ಅಭಿಪ್ರಾಯದಲ್ಲಿ ಕಾರಿಮಂಗಲದ ಸುತ್ತಮುತ್ತ ಆ ವರ್ಷ ಬರೆಯಲಾದ ಅತ್ಯುತ್ತಮ ಕಾಗದ ಅದು. ಆದರೆ ನನ್ನ ಭಾವ ಅದನ್ನು ಅಣ್ಣಾಮಲೈ ಕೈಯಿಂದ ತೆಗೆದುಕೊಂಡು ಓದಿ, ಮೂಗು ಮುರಿದರು.

"ಏನ್ರೀ ಇದು. ಎಕ್ಸ್‌ಪರ್ಟಿಗೆ ಇಂಗೆ ಬರೀತಾರಾ? ಕಾರಣ ಗೊತ್ತಿಲ್ಲ ಅಂತ ಯಾರಾದ್ರೂ ಬರೀತಾರಾ? ನೀವು ಕಂಪೌಂಡರು, ನಿಮಗೆ ಅವರ ಲೆವೆಲ್ ತಿಳಿಯೋದಿಲ್ಲ. ನಾನು ಲ್ಯಾಬಲ್ಲಿ ಇದ್ದೋನು, ಬುಡಿ ನನಗೆ."

ಅಣ್ಣಾಮಲೈ ಸಾಧು ಮನುಷ್ಯ. "ಸರಿ ಸಾರ್, ಎಪ್ಪಡಿಯೋ, ಹೆಂಗೋ ಬಂದ್ರೆ ಸರಿ," ಎಂದು ಸೈಕಲ್ ಹತ್ತಿ ಹೋದರು. ಕಾರ್ಡು ಭಾವನ ಜೇಬಿಗೆ ಹೋಯಿತು.

ಮಾರನೆಯ ದಿನ ಅಕ್ಕನ ಮನೆ ಜಗುಲಿಯ ಮೇಲೆ ಬರವಣಿಗೆ ಶುರುವಾಯಿತು. ಭಾವ ಗೋಡೆಗೆ ಒರಗಿ ಕೂತರು, ಎದುರಿಗೆ ದೊಡ್ಡಮ್ಮ ಕುಕ್ಕರುಗಾಲಿನಲ್ಲಿ. ನಾನು ಕಂಬ ಹಿಡಿದು ನಿಂತಿದ್ದೆ.

"ಅತ್ತೆ, ನಡೆದಿದ್ದು ಏಳಿ," ಎಂದರು ಭಾವ.

"ಬೆಳಿಗ್ಗೆ ಕುಂಟೆಗೆ ನೀರಿಗೆ ಒಡೀತೀನಿ ಅಳಿಮಯ್ಯ. ವಾಪಸ್ ಬರ್ತಾ ಬೀಳ್ತವೆ. ದಿನಾ ಬೀಳಲ್ಲ. ಆ ಸೇಗೋ ಮಿಲ್ಲಲ್ಲಿ ಮಿಷನ್ ಓಡಿದ ದಿನ ಬೀಳ್ತವೆ, ನಿಂತ ದಿನ ಬೀಳಲ್ಲ. ನಂಗೇನೋ ಆ ಸದ್ದಿಗೇ ಅವುಕ್ಕೆ ಎದೆ ಒಡೀತದೆ ಅನ್ಸುತ್ತೆ. ಆಲು ಕುಡಿಯೋ ಮರಿಗಳಿಗೆ ಏನೂ ಆಗಿಲ್ಲ. ಕುಯ್ದ್ರೆ ರಕ್ತ ಕೆಂಪಗೆ, ಕುಂಕುಮ ಕಲ್ಸಿದಂಗೆ ಐತೆ."

ಊರಿನ ಪಡುವಲಿಗೆ, ಕುಂಟೆಯ ದಾರಿಯಲ್ಲಿ, ಕಳೆದ ದೀಪಾವಳಿಗೆ ಒಂದು ಸಣ್ಣ ಸಬ್ಬಕ್ಕಿ ಮಿಲ್ಲು ಶುರುವಾಗಿತ್ತು. ಮರಗೆಣಸಿನ ಲಾರಿ ಬಂದ ದಿನ ಮಿಷನ್ ಓಡುತ್ತದೆ, ಬರದ ದಿನ ನಿಲ್ಲುತ್ತದೆ. ನಾವೆಲ್ಲ ಅದನ್ನು ಸೇಗೋ ಎಂದೇ ಕರೆಯುತ್ತಿದ್ದೆವು.

ಭಾವ ನಕ್ಕರು. "ಅತ್ತೆ, ಮಿಷನ್ನು, ಸದ್ದು, ಕುಂಕುಮ ಇವೆಲ್ಲ ಎಕ್ಸ್‌ಪರ್ಟಿಗೆ ಯಾಕೆ? ಅವರು ಓದಿ ನಗ್ತಾರೆ. ನೀವು ಏಳಿದ್ದನ್ನ ನಾನು ಅವರ ಮಟ್ಟಕ್ಕೆ ಏರಿಸಿ ಬರೀತೀನಿ."

"ಏರ್ಸಿ ಅಳಿಮಯ್ಯ. ಬಂದ್ರೆ ಸಾಕು."

ಮೂರು ದಿನ ಏರಿಸಿದರು. ಇಂಗ್ಲಿಷಿನಲ್ಲಿ ಏಳು ಪುಟ. ಅದರ ಮೊದಲ ವಾಕ್ಯವನ್ನು ಭಾವ ನಮಗೆ ಬಿಡಿಸಿ ಹೇಳಿದರು. ಅದನ್ನು ಪುಸ್ತಕದ ಕನ್ನಡಕ್ಕೆ ತಂದರೆ ಹೀಗಿರುತ್ತದೆ: "ಪ್ರಸ್ತುತ ಭೌಗೋಳಿಕ ವಲಯದ ಮೇಷಸಮೂಹದಲ್ಲಿ ಪರಿವೀಕ್ಷಿಸಲ್ಪಟ್ಟಿರುವ ಆಕಸ್ಮಿಕ ಪ್ರಾಣೋತ್ಕ್ರಮಣವು ಆಂತರಾಯಿಕ ಸ್ವರೂಪದ ಪ್ರಾತಃಕಾಲೀನ ಪ್ರವೃತ್ತಿಯನ್ನು ಪ್ರಕಟಿಸುತ್ತಿದ್ದು, ತತ್ಸಂಬಂಧಿ ಬಹುಕಾರಕ ಸಂಭಾವ್ಯತೆಗಳು ವಿದ್ವಜ್ಜನರ ಪರಾಮರ್ಶೆಗೆ ಅರ್ಹವಾಗಿವೆ." ದೊಡ್ಡಮ್ಮನ ಕುರಿ ಮೇಷಸಮೂಹವಾಗಿತ್ತು, ಸಾವು ಪ್ರಾಣೋತ್ಕ್ರಮಣವಾಗಿತ್ತು. ಮಿಷನ್ ಓಡಿದ ದಿನ, ನಿಂತ ದಿನ ಎರಡೂ ಆಂತರಾಯಿಕ ಎಂಬ ಒಂದೇ ಮಾತಿನಡಿ ಹೂತುಹೋಗಿದ್ದವು. "ಬನ್ನಿ" ಎಂಬ ಮಾತು ಏಳು ಪುಟದಲ್ಲಿ ಎಲ್ಲೂ ಇರಲಿಲ್ಲ. ಅದು ತೀರ ಸಾದಾ ಮಾತು ಎಂದರು ಭಾವ.

"ರೀ, ಕುರಿ ಸಾಯ್ತಾವೆ ಅನ್ನೋದು ಓದಿದೋರಿಗೆ ಗೊತ್ತಾಗ್ತದಾ?" ಎಂದು ಅಕ್ಕ ಕೇಳಿದಳು.

"ನಿನಗೆ ಗೊತ್ತಾಗಲ್ಲ ಅಂದ್ರೇನೇ ಲೆವೆಲ್ ಸರಿಯಾಗೈತೆ ಅಂತ ಅರ್ಥ," ಎಂದರು ಭಾವ.

ನಾನೇ ಅದನ್ನು ಕಾರಿಮಂಗಲದಲ್ಲಿ ಟೈಪ್ ಮಾಡಿಸಿದೆ. ಟೈಪ್ ಮಾಡಿದ ರಾಧಾ ಎಂಬ ಹುಡುಗಿ ಮೂರನೇ ಪುಟದಲ್ಲಿ ನಿಲ್ಲಿಸಿ, ಇದು ಕಾಲೇಜಿನ ಥೀಸಿಸ್ಸಾ ಅಣ್ಣಾ ಎಂದು ಕೇಳಿದಳು. ಅಲ್ಲ, ಕುರಿಯ ವಿಷಯ ಎಂದೆ. ಅವಳು ನನ್ನ ಮುಖ ನೋಡಿ ಮತ್ತೆ ಟೈಪ್ ಮಾಡತೊಡಗಿದಳು. ಕೊನೆಯಲ್ಲಿ ಭಾವನ ಸಹಿ, ಸಹಿಯ ಕೆಳಗೆ "ಲ್ಯಾಬೊರೇಟರಿ, ಪಾಲಕೋಡ್." ಕೊಳವೆಯ ವಿಷಯ ಬಿಟ್ಟುಹೋಗಿತ್ತು. ರಿಜಿಸ್ಟರ್ ಮಾಡಿ ಕಳಿಸಿದೆವು.

ಉತ್ತರ ಬರಲು ಹನ್ನೊಂದು ದಿನ ಹಿಡಿಯಿತು. ಅಷ್ಟರಲ್ಲಿ ಹದಿಮೂರು ಕುರಿ ಹೋದವು, ಅರವತ್ತೊಂದು ಉಳಿದವು. ಸತ್ತದ್ದನ್ನು ಎಳೆದು ಹೊಂಡಕ್ಕೆ ಹಾಕಲು ದೊಡ್ಡಮ್ಮನ ಜೊತೆ ಬೆಳಿಗ್ಗೆ ನಾನೂ ಹೋಗುತ್ತಿದ್ದೆ. ಮೊದಲೆಲ್ಲ ಪ್ರತಿ ಕುರಿಗೂ ಹೆಸರು ಹಿಡಿದು ಅಳುತ್ತಿದ್ದವಳು ಆಮೇಲೆ ಹೆಸರು ಹೇಳುವುದನ್ನು ಬಿಟ್ಟಳು.

ಕವರಿನ ಮೇಲೆ ದಪ್ಪ ಅಕ್ಷರದಲ್ಲಿ "ಡಾ. ಗೋವಿಂದರಾಜ್" ಎಂದಿತ್ತು. ಪೋಸ್ಟ್‌ಮ್ಯಾನ್ ಅದನ್ನು ಭಾವನಿಗೆ ಕೊಡುವ ಮೊದಲು ಮುನಿಕೃಷ್ಣಪ್ಪನ ಟೀ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ್ದ. ಮುನಿಕೃಷ್ಣಪ್ಪ ನಮ್ಮೂರಿನ ದೊಡ್ಡ ತಲೆ, ವಯಸ್ಸಿನಲ್ಲೂ ಗಾತ್ರದಲ್ಲೂ. ಅವರು ಕವರನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಗೌರ್ಮೆಂಟೇ ಡಾಕ್ಟರ್ ಅಂತ ಬರ್ದೈತೆ. ನಾವು ಇಷ್ಟು ದಿನ ಇವನ್ನ ಗೋವಿಂದಾ ಗೋವಿಂದಾ ಅಂತ ಕೂಗ್ತಿದ್ವಲ್ಲಪ್ಪ."

ಕಾಗದದ ಒಳಗೆ ಏನಿತ್ತೆಂದರೆ, ತಮ್ಮ ಪ್ರೌಢ ಪ್ರಬಂಧ ತಲುಪಿದೆ, ಮುಂದಿನ ತಿಂಗಳ ಮೊದಲ ಶನಿವಾರ ಸೇರುವ ತಾಂತ್ರಿಕ ಸಮಿತಿಯ ಮುಂದೆ ಅದನ್ನು ಇಡಲಾಗುವುದು, ಈ ಹದಿನಾಲ್ಕು ಅಂಶಗಳ ಮೇಲೆ ತಮ್ಮ ವಿದ್ವತ್ಪೂರ್ಣ ಅಭಿಪ್ರಾಯ ಕಳಿಸಿ. ಕೊನೆಯ ಸಾಲು: ಸಮಿತಿಯ ತೀರ್ಮಾನದವರೆಗೆ ಅಧ್ಯಯನದ ಹಿಂಡನ್ನು ಈಗಿನ ಪರಿಸ್ಥಿತಿಯಲ್ಲೇ, ಯಾವ ಬದಲಾವಣೆಯೂ ಇಲ್ಲದೆ, ಕಾಪಾಡಿಕೊಂಡು ಬರುವುದು.

ಇದು ಹೇಗಾಯಿತೆಂದು ನಮಗೆ ತಿಳಿದದ್ದು ಆಮೇಲೆ. ಸೇಲಂನ ಆ ಆಫೀಸಿನಲ್ಲಿ ಎರಡು ತಟ್ಟೆ. ಹಳ್ಳಿಯ ಕಾರ್ಡುಗಳು ಒಂದರಲ್ಲಿ ಬೀಳುತ್ತವೆ, ಅದನ್ನು ಅವತ್ತೇ ಓದಿ ಜೀಪು ಕಳಿಸುತ್ತಾರೆ. ವಿದ್ವಾಂಸರ ಪ್ರಬಂಧಗಳು ಇನ್ನೊಂದರಲ್ಲಿ ಬಿದ್ದು ತಿಂಗಳಿಗೊಮ್ಮೆ ಸಮಿತಿ ಕಾಣುತ್ತವೆ. ನಮ್ಮ ಭಾವ ದೊಡ್ಡಮ್ಮನ ಕುರಿಗಳನ್ನು ಎರಡನೇ ತಟ್ಟೆಗೆ ಏರಿಸಿಬಿಟ್ಟಿದ್ದರು.

ಅವತ್ತಿನಿಂದ ಭಾವನ ಮೈಮೇಲೆ ಬಿಳಿ ಕೋಟು. ಮುನಿಕೃಷ್ಣಪ್ಪ ಕೆಮ್ಮುವ ಎತ್ತು ಹಿಡಿದುಕೊಂಡು ಬಂದು, "ಡಾಕ್ಟ್ರೇ, ಸ್ವಲ್ಪ ನೋಡಿ," ಎಂದರು. ಭಾವ ಎತ್ತಿನ ಸುತ್ತ ಎರಡು ಸಲ ನಡೆದು ಇದರಲ್ಲಿ ಅನೇಕ ಸಾಧ್ಯತೆಗಳಿವೆ ಎಂದರು. ಎತ್ತು ತಾನಾಗಿಯೇ ಗುಣವಾಯಿತು. ಆಮೇಲೆ ಕೇಳಬೇಕೆ? ಅಣ್ಣಾಮಲೈಗೆ ಹೇಳಿ ಕಳಿಸಿದರೆ, "ಅಲ್ಲೇ ದೊಡ್ಡ ಡಾಕ್ಟರ್ ಇರ್ತಾರೆ, ನಾನು ಯಾಕೆ, ಎದುಕ್ಕು?" ಎಂದರು. ಅವರದೂ ತಪ್ಪಲ್ಲ. ಮನುಷ್ಯನಿಗೆ ಮರ್ಯಾದೆ ಇರುತ್ತದೆ.

ಅದೇ ವಾರ ದೊಡ್ಡಮ್ಮ ಒಂದು ತೀರ್ಮಾನ ಮಾಡಿದಳು. ನಮ್ಮ ಕುರಿಯವರಲ್ಲಿ ಒಂದು ಪದ್ಧತಿ. ಹಿಂಡಿನಲ್ಲಿ ಸಾವು ನಿಲ್ಲದಿದ್ದರೆ ಕಾರಣ ಹುಡುಕುತ್ತ ಕೂರುವುದಿಲ್ಲ, ಹಟ್ಟಿ ಕಿತ್ತು, ಹಳ್ಳ ದಾಟಿ, ಬೇರೆ ಊರ ಹೊಲದಲ್ಲಿ ಮಂದೆ ಇಳಿಸುತ್ತೇವೆ. ಒಲೆಯ ಬೂದಿಯನ್ನೂ ಹಿಂದೆ ತಿರುಗಿ ನೋಡುವುದಿಲ್ಲ. ಮೇಟ್ಟೂರಿನ ಕಡೆ ಅವಳ ತಮ್ಮನಿದ್ದ. ಕಂಬಳಿ, ಮಡಕೆ ಕಟ್ಟಿ, ಅರವತ್ತೊಂದು ಕುರಿಯನ್ನೂ ಎಬ್ಬಿಸಿ ಹೊರಟಿದ್ದಳು. ಭಾವ ಬಿಳಿ ಕೋಟಿನಲ್ಲಿ ಓಡಿಬಂದು ದಾರಿಗೆ ಅಡ್ಡ ನಿಂತರು.

"ಅತ್ತೆ, ಓಗಬಾರದು. ಗೌರ್ಮೆಂಟ್ ಆರ್ಡರ್ ಐತೆ. ಇದ್ದಂಗೇ ಇರಬೇಕು. ಅದೇ ಹೊಲ, ಅದೇ ದಾರಿ, ಅದೇ ನೀರು. ಒಂದು ಬದಲಾದರೂ ಎಂಟು ಜನ ಎಕ್ಸ್‌ಪರ್ಟ್ಸ್ ಕೆಲಸ ಕೆಟ್ಟೋಗ್ತದೆ."

"ಅಳಿಮಯ್ಯ, ಇಲ್ಲಿದ್ರೆ ಸಾಯ್ತವೆ."

"ಸಮಿತಿ ಕೂರೋವರೆಗೆ ಅಷ್ಟೇ ಅತ್ತೆ."

"ಸಮಿತಿ ಕೂರೋವರೆಗೆ ಕುರಿ ನಿಂತಿರ್ತವಾ?"

ಭಾವ ಕಾಗದ ತೆಗೆದು ಮೊಹರು ತೋರಿಸಿದರು. ಸುತ್ತ ನೆರೆದವರೂ ಅವರ ಕಡೆಗೇ ಸೇರಿದರು. "ಓದಿದೋರು ಏಳ್ತಾರೆ, ಕೇಳಮ್ಮ," ಎಂದರು ಮುನಿಕೃಷ್ಣಪ್ಪ. ನಾನೂ ಅಲ್ಲಿದ್ದೆ. ಸೈಕಲ್ಲಿನ ಬೆಲ್ ಹಿಡಿದುಕೊಂಡು ನಿಂತಿದ್ದೆ, ಬಾಯಿ ಬಿಡಲಿಲ್ಲ. ಊರಿಗೆಲ್ಲ ಸಿಟ್ಟು ತೋರಿಸುವ ನನಗೆ ಅವತ್ತು ಆ ಮೊಹರು ನೋಡಿ ಭಯವಾಯಿತು. ದೊಡ್ಡಮ್ಮ ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಮಡಕೆ ಕೆಳಗಿಟ್ಟು, ಕುರಿಗಳನ್ನು ವಾಪಸ್ ತಿರುಗಿಸಿದಳು.

ಹದಿನಾಲ್ಕು ಅಂಶಗಳಿಗೆ ಭಾವ ಹದಿನಾಲ್ಕು ಪುಟ ಬರೆದರು. ಅತ್ತ ಮರಗೆಣಸಿನ ಸುಗ್ಗಿ ಜೋರಾಗಿ ಮಿಲ್ಲಿನ ಮಿಷನ್ ಹೆಚ್ಚು ಕಡಿಮೆ ದಿನಾ ಓಡತೊಡಗಿತು. ಸಮಿತಿಯ ಶನಿವಾರ ಬರುವ ಹೊತ್ತಿಗೆ ಹಿಂಡಿನಲ್ಲಿ ಇಪ್ಪತ್ತೊಂಬತ್ತು ಇದ್ದವು. ಅವುಗಳಲ್ಲಿ ಮೂರು ಹಾಲು ಕುಡಿಯುವ ಮರಿ.

ಆ ಶನಿವಾರ ಮೊದಲ ಬಸ್ಸಿಗೆ ಭಾವ, ನಾನು, ದೊಡ್ಡಮ್ಮ ಸೇಲಂಗೆ ಹೊರಟೆವು. ದೊಡ್ಡಮ್ಮ ಬರುವುದು ಭಾವನಿಗೆ ಇಷ್ಟವಿರಲಿಲ್ಲ. "ಅಲ್ಲಿ ನಿಮಗೆ ಒಂದೂ ಅರ್ಥವಾಗಲ್ಲ ಅತ್ತೆ," ಎಂದರು.

"ನನ್ ಕುರಿ ಯಾಕೆ ಸಾಯ್ತವೆ ಅಂತ ಏಳ್ತಾರಂತಲ್ಲ. ಅರ್ಥವಾಗದಿದ್ರೂ ಕೇಳ್ಕೊಂಡು ಬರ್ತೀನಿ," ಎಂದಳು ಅವಳು. ಕುರಿಗಳನ್ನು ಅಕ್ಕ ಶಾಂತಿಗೆ ಒಪ್ಪಿಸಿ ಬಂದಿದ್ದಳು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಎಂಟು ಕುರ್ಚಿ, ತಟ್ಟೆಯಲ್ಲಿ ಬಿಸ್ಕತ್ತು. ಭಾವನಿಗೆ ಒಂಬತ್ತನೇ ಕುರ್ಚಿ ಹಾಕಿದ್ದರು. ನಾನು, ದೊಡ್ಡಮ್ಮ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತೆವು. ನಮ್ಮನ್ನು ಅವರು ಡಾಕ್ಟರ ಮನೆಯ ಆಳುಗಳು ಎಂದುಕೊಂಡಿರಬೇಕು. ಅಲ್ಲಿ ನಡೆದ ಮಾತೆಲ್ಲ ತಮಿಳು, ಇಂಗ್ಲಿಷು. ನನಗೆ ಹೇಗೆ ಕೇಳಿತೋ ಹಾಗೆ ಬರೆಯುತ್ತಿದ್ದೇನೆ.

ತಲೆ ನರೆತ ಅಧ್ಯಕ್ಷರು ಭಾವನ ಪ್ರಬಂಧವನ್ನು ಎತ್ತಿ ಹಿಡಿದು, ಇಷ್ಟು ಆಳವಾದ ಬರಹ ಈಚೆಗೆ ಬಂದಿಲ್ಲ ಎಂದರು. ಪಕ್ಕದವರು ತಲೆಯಾಡಿಸಿದರು. ಅವರ ಪಕ್ಕದವರೂ ಆಡಿಸಿದರು. ಒಬ್ಬರು ನಾಲ್ಕನೇ ಪುಟ ಗಹನವಾಗಿದೆ ಎಂದರು, ಇನ್ನೊಬ್ಬರು ಐದನೆಯದು ಇನ್ನೂ ಗಹನ ಎಂದರು. ಆ ಏಳು ಜನರಲ್ಲಿ ಯಾರಿಗೂ ಅದು ಅರ್ಥವಾಗಿರಲಿಲ್ಲ. ಪ್ರತಿಯೊಬ್ಬರೂ ಉಳಿದವರಿಗೆ ಅರ್ಥವಾಗಿದೆ ಎಂದು ತಿಳಿದು ತಲೆಯಾಡಿಸುತ್ತಿದ್ದರು ಎಂದು ಈಗ ನಾನು ಧೈರ್ಯವಾಗಿ ಹೇಳಬಲ್ಲೆ.

ಎಂಟನೆಯವರು ಲಕ್ಷ್ಮಣನ್ ಎಂಬ ಡಾಕ್ಟರು. ಚಪ್ಪಲಿಯ ತುಂಬ ಧೂಳು, ಜೇಬಿನಲ್ಲಿ ಪೋಸ್ಟ್ ಕಾರ್ಡುಗಳ ಕಟ್ಟು. ಹಳ್ಳಿಗಳಿಗೆ ಜೀಪಿನಲ್ಲಿ ಹೋಗುವವರು ಅವರೇ. ಅವರು ಮಾತ್ರ ಕೈ ಎತ್ತಿದರು.

"ಕ್ಷಮಿಸಿ ಸಾರ್. ನನಗೆ ಒಂದು ಸಾಲೂ ಅರ್ಥವಾಗಲಿಲ್ಲ. ಒಟ್ಟು ಎಷ್ಟು ಸತ್ತವು, ಯಾವಾಗ, ಏನು ತಿಂದು ಸತ್ತವು?"

ಭಾವ ಎದ್ದು ನಿಂತು ಕೋಟು ಸರಿ ಮಾಡಿಕೊಂಡರು. "ಮರಣಗಳ ಸಂಖ್ಯಾತ್ಮಕ ವಿತರಣೆಯು ಪ್ರಾತಃಕಾಲೀನ ಪ್ರವೃತ್ತಿಗೆ ಅನುಗುಣವಾಗಿ..."

"ಪ್ರಾತಃಕಾಲೀನ ಅಂದರೆ ಬೆಳಿಗ್ಗೆಯಾ?"

"ಆ ಮಟ್ಟಕ್ಕೆ ಇಳಿಸಿ ಹೇಳುವುದಾದರೆ, ಹೌದು."

ಬೆಳಿಗ್ಗೆ ಎಂಬ ಮಾತು ಕಿವಿಗೆ ಬಿದ್ದದ್ದೇ ದೊಡ್ಡಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಇಡೀ ಬೆಳಿಗ್ಗೆಯಿಂದ ಅವಳಿಗೆ ತಿಳಿದ ಮೊದಲ ಮಾತು ಅದು. "ಕಾಲಯಿಲೆ ದಾನ್ ಸಾಮಿ," ಎಂದು ತಮಿಳಿನಲ್ಲಿ ಶುರು ಮಾಡಿ, ಅರ್ಧಕ್ಕೆ ಅದು ಸಾಲದೆ, ನಮ್ಮ ಮಾತಿಗೆ ಬಂದಳು. "ಬೆಳಿಗ್ಗೇನೇ ಸಾಯ್ತವೆ. ಮಿಷನ್ ಓಡಿದ ದಿನ ಸಾಯ್ತವೆ, ನಿಂತ ದಿನ ಇಲ್ಲ. ಆಲು ಕುಡಿಯೋ ಮರಿಗೆ ಏನೂ ಇಲ್ಲ. ರಕ್ತ ಕುಂಕುಮ ಇದ್ದಂಗೆ ಐತೆ ಸಾಮಿ."

ಭಾವ, "ಅತ್ತೆ, ಇದು ಸಮಿತಿ," ಎಂದು ಪಿಸುಗುಟ್ಟಿದರು. ಆದರೆ ಲಕ್ಷ್ಮಣನ್ ಆಗಲೇ ಕುರ್ಚಿಯಿಂದ ಎದ್ದಿದ್ದರು. ನಾನು ಅವಳ ಮಾತನ್ನು ತಮಿಳಿಗೆ ತಿರುಗಿಸಿ ಹೇಳಿದೆ.

"ಯಾವ ಮಿಷನ್ ಪಾಟಿ?" ಎಂದು ಕೇಳಿದರು ಅವರು. ಪಾಟಿ ಎಂದರೆ ಅಜ್ಜಿ.

"ಸೇಗೋ ಮಿಷನ್ ಸಾಮಿ. ಕುಂಟೆ ದಾರೀಲಿ."

"ಮಿಷನ್ ಪಕ್ಕ ಏನಿದೆ?"

"ಏನೂ ಇಲ್ಲ. ಗೆಣಸಿನ ಸಿಪ್ಪೆ ಗುಡ್ಡೆ."

"ಕುರಿ ಬಾಯಿ ಹಾಕುತ್ತವಾ?"

"ದಾರೀಲಿ ಓಗ್ತಾ ಮುಂದಿನವು ಎರಡು ಬಾಯಿ ತಿಂತವೆ. ಒಣ ಸಿಪ್ಪೆ ನಾವು ಎಷ್ಟೋ ವರ್ಷದಿಂದ ಆಕ್ತೀವಿ ಸಾಮಿ, ಏನೂ ಆಗಿಲ್ಲ."

"ಮಿಷನ್ ಓಡಿದ ದಿನ?"

"ಓಡಿದ ದಿನ ಅಸೀ ಸಿಪ್ಪೆ ಇರ್ತದೆ," ಎಂದಳು ನಿಧಾನವಾಗಿ.

ಲಕ್ಷ್ಮಣನ್ ಬಾಗಿಲಿಗೆ ಹೋಗಿ, "ಜೀಪ್ ಎಡು," ಎಂದು ಗಾಡಿ ತೆಗೆಯಲು ಡ್ರೈವರನ್ನು ಕೂಗಿದರು. ಮರಗೆಣಸಿನ ಹಸಿ ಸಿಪ್ಪೆಯಲ್ಲಿ ವಿಷ ಇರುತ್ತದೆ, ಒಣಗಿದರೆ ಬಹಳ ಮಟ್ಟಿಗೆ ಹೋಗುತ್ತದೆ, ಹಸಿದ ಹೊಟ್ಟೆಗೆ ಬೆಳಿಗ್ಗೆಯೇ ಹಸಿಯದು ಬಿದ್ದರೆ ಕಾಲು ಗಂಟೆ ಸಾಕು ಎಂದು ಔಷಧಿ ಪೆಟ್ಟಿಗೆ ತುಂಬಿಕೊಳ್ಳುತ್ತಲೇ ನನಗೆ ಹೇಳಿದರು. ಪತ್ತೆಗೆ ಹಿಡಿದದ್ದು ಒಂದು ಬಿಸ್ಕತ್ತು ತಿನ್ನುವಷ್ಟು ಹೊತ್ತು. ನಾವು ಹೊರಟ ಮೇಲೆ ಸಮಿತಿ ಭಾವನ ಪ್ರಬಂಧವನ್ನು ಸರ್ವಾನುಮತದಿಂದ ಅಂಗೀಕರಿಸಿತಂತೆ. ಕಾಗದ ಆಮೇಲೆ ಬಂತು.

ಜೀಪು ಓಮಲೂರು ದಾಟಿತು. ಭಾವ ಮುಂದಕ್ಕೆ ಬಾಗಿ, "ಸಾರ್, ಅದು ಎಕ್ಸ್‌ಪರ್ಟ್ಸ್ ಓದೋದು ಅಂತ ಆ ಲೆವೆಲ್‌ನಲ್ಲಿ..." ಎಂದರು.

"ನಾನು ಎಕ್ಸ್‌ಪರ್ಟ್ ಆಗಿರೋದು ಕುರಿಯಲ್ಲಿ," ಎಂದರು ಲಕ್ಷ್ಮಣನ್, ರಸ್ತೆ ನೋಡುತ್ತಲೇ. "ಓದೋದರಲ್ಲಿ ಅಲ್ಲ. ದಿನಕ್ಕೆ ನಲವತ್ತು ಕಾಗದ ಬರುತ್ತವೆ, ನಿಂತುಕೊಂಡು ಟೀ ಕುಡಿಯುತ್ತ ಓದುತ್ತೇನೆ. ಪಾಟಿ ಹೇಳಿದ್ದನ್ನ ಹೇಳಿದ ಹಾಗೇ ಬರೆದಿದ್ದರೆ ಮಾರನೆಯ ದಿನ ಬರುತ್ತಿದ್ದೆ. ನಿಮ್ಮ ಕಂಪೌಂಡರ್ ಒಂದು ಕಾರ್ಡ್ ಹಾಕಿದ್ದರೂ ಬರುತ್ತಿದ್ದೆ."

ಭಾವನ ಕೈ ಜೇಬಿಗೆ ಹೋಯಿತು. ಅಣ್ಣಾಮಲೈ ಬರೆದ ಕಾರ್ಡು ಅಲ್ಲೇ ಇತ್ತು. ಅವರು ಅದನ್ನು ಹೊರಗೆ ತೆಗೆಯಲಿಲ್ಲ. ದೊಡ್ಡಮ್ಮ ಅವರ ಎದುರು ಸೀಟಿನಲ್ಲಿ ಕೂತು, ಇಪ್ಪತ್ತೊಂಬತ್ತು ಐತೆ, ಇಪ್ಪತ್ತೊಂಬತ್ತು ಸಾಕು, ಎರಡು ವರ್ಷದಲ್ಲಿ ಮತ್ತೆ ಐವತ್ತಾಗ್ತದೆ ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುತ್ತಿದ್ದಳು. ಆ ಜೀಪಿನಲ್ಲಿ ಸಂತೋಷವಾಗಿದ್ದವಳು ಅವಳೊಬ್ಬಳೇ.

ಕುಂಟೆಯ ದಾರಿಯಲ್ಲಿ ಜೀಪು ನಿಂತಾಗ ಮಿಷನ್ ಓಡುತ್ತಿತ್ತು. ಸಿಪ್ಪೆಯ ಗುಡ್ಡೆಯ ಪಕ್ಕ ಅಕ್ಕ ಶಾಂತಿ ನೆಲಕ್ಕೆ ಕೂತಿದ್ದಳು. ಅವಳ ಸುತ್ತ ಕುರಿಗಳು ಬಿದ್ದಿದ್ದವು. ಎದ್ದು ನಿಂತದ್ದು ಒಂದೂ ಇರಲಿಲ್ಲ.

"ದೊಡ್ಡ ದೊಡ್ಡ ಡಾಕ್ಟ್ರು ನಿಮ್ಮ ಜೊತೆ ನೋಡಕ್ಕೆ ಬರ್ತಾರೆ ಅಂದ್ಕೊಂಡೆ," ಎಂದಳು ಅಕ್ಕ. "ಸಣಕಲು ಕುರಿ ತೋರ್ಸಿದ್ರೆ ಇವರ ಮಾನ ಓಗ್ತದೆ ಅಂತ... ಒಟ್ಟೆ ತುಂಬ ತಿನ್ಲಿ ಅಂತ ಇಲ್ಲೇ ಬಿಟ್ಟೆ. ಮಿಲ್ಲಿನೋರು ತಿನ್ಲಿ ಬುಡಮ್ಮ ಅಂದ್ರು. ಚೆನ್ನಾಗಿ ತಿಂದ್ವು ದೊಡ್ಡಮ್ಮ. ತಿಂತಾ ತಿಂತಾನೇ ಬಿದ್ವು."

ಲಕ್ಷ್ಮಣನ್ ಓಡಾಡಿ, ಇನ್ನೂ ಉಸಿರಿದ್ದ ನಾಲ್ಕು ಕುರಿಗೆ ಸೂಜಿ ಚುಚ್ಚಿದರು. ಒಂದು ಟಗರು ಎದ್ದಿತು. ನಾಲ್ಕು ಹೆಜ್ಜೆ ಇಟ್ಟಿತು. ನಾವೆಲ್ಲ ಉಸಿರು ಹಿಡಿದು ಅದನ್ನೇ ನೋಡುತ್ತಿದ್ದೆವು. ಐದನೇ ಹೆಜ್ಜೆಗೆ ಮೊಣಕಾಲು ಮಡಿಸಿ ಕುಸಿಯಿತು, ಆಮೇಲೆ ಏಳಲಿಲ್ಲ. ಊರಿನ ಕಡೆಯಿಂದ, ಹಟ್ಟಿಯಲ್ಲಿ ಮಂಕರಿಯ ಕೆಳಗೆ ಮುಚ್ಚಿದ್ದ ಮೂರು ಮರಿಗಳು ಹಾಲಿಗೆ ಕೂಗುವುದು ಕೇಳುತ್ತಿತ್ತು.

ಎಂಬತ್ತನಾಲ್ಕರಲ್ಲಿ ಉಳಿದದ್ದು ಆ ಮೂರು ಮರಿ.

ಊರೆಲ್ಲ ಬಂದು ನಿಂತಿತು. ಮುನಿಕೃಷ್ಣಪ್ಪ ಭಾವನನ್ನು ಡಾಕ್ಟ್ರೇ ಎಂದು ಕರೆಯಲು ಬಾಯಿ ತೆರೆದು, ಮುಚ್ಚಿಕೊಂಡರು. ಅಣ್ಣಾಮಲೈ ಯಾರೂ ಕರೆಯದಿದ್ದರೂ ಸೈಕಲ್ ತುಳಿದುಕೊಂಡು ಬಂದು, ಸತ್ತ ಕುರಿಗಳನ್ನು ಎಳೆಯಲು ನನ್ನ ಜೊತೆ ಸೇರಿದರು. ಮಿಲ್ಲಿನವರು ಮಿಷನ್ ನಿಲ್ಲಿಸಿದರು. ಭಾವ ಕೋಟು ಬಿಚ್ಚಿ, ಅದನ್ನು ಎಲ್ಲಿಡಬೇಕೆಂದು ತಿಳಿಯದೆ, ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು.

ಅಕ್ಕನ ಮನೆ ಹತ್ತಿರ ಬಂದು ಕೈ ತೊಳೆದುಕೊಂಡ ಲಕ್ಷ್ಮಣನ್ ಜೇಬಿನಿಂದ ಖಾಲಿ ಪೋಸ್ಟ್ ಕಾರ್ಡುಗಳನ್ನು ತೆಗೆದರು. ಸುತ್ತಮುತ್ತ ಇನ್ನೂ ಹತ್ತು ಕಡೆ ಇಂಥ ಮಿಲ್ಲುಗಳಿವೆ, ಅಲ್ಲಿನ ಕುರಿಯವರಿಗೆ ಇವತ್ತೇ ಕಾರ್ಡು ಹೋಗಬೇಕು ಎಂದರು. ಕಾರ್ಡುಗಳನ್ನು ಅವರು ಕೊಟ್ಟದ್ದು ಭಾವನ ಕೈಗೆ.

"ನಿಮ್ಮ ಅಕ್ಷರ ಚೆನ್ನಾಗಿದೆ. ನೀವೇ ಬರೀರಿ."

ಭಾವ ಜಗುಲಿಯ ಮೇಲೆ ಕೂತು, ಪೆನ್ನು ತೆರೆದರು. ಬಹಳ ಹೊತ್ತು ಕಾರ್ಡನ್ನೇ ನೋಡಿದರು. ಇಪ್ಪತ್ತೊಂದು ಪುಟ ಬರೆದ ಕೈ ಒಂದು ಅಕ್ಷರ ಮೂಡಿಸಲಿಲ್ಲ.

"ಎಂಗೆ ಶುರು ಮಾಡ್ಲಿ ಸಾರ್?"

ಲಕ್ಷ್ಮಣನ್ ದೊಡ್ಡಮ್ಮನ ಕಡೆ ಕೈ ತೋರಿಸಿದರು. ಅವಳು ಅದೇ ಜಗುಲಿಯ ಕೆಳಗೆ, ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅದು ಅವಳ ಬೆರಳನ್ನು ಚೀಪುತ್ತಿತ್ತು. ಅವಳು ಭಾವನ ಮುಖ ನೋಡದೆ, ಮರಿಯ ತಲೆ ಸವರುತ್ತ ಹೇಳಿದಳು.

"ಮಿಷನ್ ಓಡಿದ ದಿನ ಗೆಣಸಿನ ಅಸೀ ಸಿಪ್ಪೆ ಕುರಿಗೆ ತಿನ್ನಿಸಬ್ಯಾಡಿ. ತಿಂದ್ರೆ ಸಾಯ್ತವೆ. ನಂದು ಎಲ್ಲಾ ಸತ್ವು."

ಭಾವ ಅಷ್ಟನ್ನೂ ಹೇಳಿದ ಹಾಗೇ ಬರೆದರು. ಬರೆದು ಮುಗಿಸಿದಾಗ ಕಣ್ಣೀರು ಕಾರ್ಡಿನ ಮೇಲೆ ಬಿದ್ದು ಒಂದು ಅಕ್ಷರ ಕದಡಿತು, ಅದನ್ನು ಮತ್ತೆ ತಿದ್ದಿದರು. ದೊಡ್ಡಮ್ಮನಿಗೆ ಓದಲು ಬಾರದು. ಅವಳು ಕತ್ತು ಚಾಚಿ ಕಾರ್ಡನ್ನು ನೋಡಿದಳು. ಮೇಲೆ ಮೂರು ಸಾಲು, ಕೆಳಗೆ ಅರ್ಧಕ್ಕಿಂತ ಹೆಚ್ಚು ಖಾಲಿ.

"ಇನ್ನೂ ಜಾಗ ಐತಲ್ಲ ಅಳಿಮಯ್ಯ," ಎಂದಳು. "ಅಲ್ಲಿ ಏನೂ ಬರೀಬ್ಯಾಡಿ."